ಎಂಟೇ ಎಂಟು ಕ್ರೋಮೋಸೋಮು

ಮೊದಲ ಮೆಟಾಫೇಸ್ ಪ್ಲೇಟಿನಲ್ಲಿ (ವಿಭಜನೆಯ ನಡುವೆ ನಿಂತ ಒಂದು ಕೋಶದ ಕ್ರೋಮೋಸೋಮುಗಳು ಸ್ಲೈಡಿನ ಮೇಲೆ ಹರಡಿದ್ದು) 8. ಪಕ್ಕದ್ದರಲ್ಲೂ 8. ಹತ್ತು ಪ್ಲೇಟ್ ಎಣಿಸಿದರೂ ಅದೇ. ಗೂಡು ಚಗಳಿ ಇರುವೆಯದು, ಬರಬೇಕಾದದ್ದು 16. ಆದರೆ ಇರುವೆಗಳ ವಿಷಯದಲ್ಲಿ ಹೊಸ ಪ್ರಭೇದದ ಆಸೆ ಪಡಲು ಕಾರಣವಿದೆ: ಆಸ್ಟ್ರೇಲಿಯಾದ ಮಿರ್ಮೀಸಿಯಾ ಕ್ರಾಸ್‌ಲ್ಯಾಂಡಿಯ ಕೆಲಸಗಾರ್ತಿಯಲ್ಲಿ ಬರೀ 2, ಬ್ರೆಜಿಲ್‌ನ ಅಟ್ಲಾಂಟಿಕ್ ಮಳೆಕಾಡಿನ ಡೈನೊಪೊನೆರಾ ಲೂಸಿಡಾದಲ್ಲಿ 120. ಹೊರಗೆ ಒಂದೇ ರೂಪ, ಒಳಗೆ ಬೇರೆ ಪ್ರಭೇದ ಎನ್ನುವಂಥದ್ದನ್ನು ಹಿಡಿಯಲೆಂದೇ ಕ್ಯಾರಿಯೋಟೈಪ್, ಅಂದರೆ ಕ್ರೋಮೋಸೋಮುಗಳ ಎಣಿಕೆ-ಆಕಾರದ ಪಟ್ಟಿ, ಮಾಡುವುದು. ಸಂಜೆಯೊಳಗೆ ಆ 8 ಮೇಲಿನವರ ಪ್ರೆಸೆಂಟೇಶನ್ ಸೇರಿಯಾಗಿತ್ತು.

ರಾತ್ರಿ ಅನುಮಾನ ಶುರುವಾಯಿತು, ಅದೂ ತಪ್ಪು ಕಡೆಯಿಂದ: ಮಳೆಗಾಲದ ಮೇಲೆ. ಏರ್-ಡ್ರೈಯಿಂಗ್‌ನಲ್ಲಿ ಗಾಳಿಯ ತೇವ ಹೆಚ್ಚಿದ್ದರೆ ಫಿಕ್ಸೆಟಿವ್ (ಕೋಶಗಳನ್ನು ಇದ್ದಂತೆ ಹಿಡಿದಿಡುವ ದ್ರವ) ನಿಧಾನವಾಗಿ ಆರಿ, ಪ್ಲೇಟ್ ಅತಿಯಾಗಿ ಹರಡಿ ಕ್ರೋಮೋಸೋಮುಗಳು ಚದುರುತ್ತವೆ. ಹಾಗೆ ಚದುರಿದ್ದರೆ ಎಣಿಕೆ 15, 13, 11 ಎಂದು ಅಡ್ಡಾದಿಡ್ಡಿ ಬರಬೇಕಿತ್ತು. ಪ್ರತಿ ಸಲ ಸರಿಯಾಗಿ ಅರ್ಧ ಬರುವುದಿಲ್ಲ.

ಮತ್ತೆ ಮೊದಲಿನಿಂದ. ಮೆಕೋನಿಯಂ (ಹೊಟ್ಟೆಯಲ್ಲಿ ಕೂಡಿಟ್ಟ ಮಲ) ಹೊರಹಾಕಿದ ಪ್ರಿಪ್ಯೂಪಾ (ಪ್ಯೂಪಾ ಆಗುವ ಮುಂಚಿನ ಲಾರ್ವಾ) ಮಾತ್ರ. ಹೊಟ್ಟೆಯಲ್ಲಿ ಕಪ್ಪು ಕಂಡರೆ ಇನ್ನೂ ಹೊತ್ತಾಗಿಲ್ಲ. ಮಿದುಳಿನ ಗ್ಯಾಂಗ್ಲಿಯಾ (ನರಗಂಟು) ಬಿಡಿಸಿ, 0.005% ಕಾಲ್ಚಿಸಿನ್ (ಕೋಶ ವಿಭಜನೆಯನ್ನು ನಡುವೆ ನಿಲ್ಲಿಸುವಂಥದ್ದು) ಬೆರೆಸಿದ 1% ಸೋಡಿಯಂ ಸಿಟ್ರೇಟಿನಲ್ಲಿ ಸುಮಾರು ಒಂದು ಗಂಟೆ. ಹೆಚ್ಚು ಬಿಟ್ಟರೆ ಕ್ರೋಮೋಸೋಮು ಕುಗ್ಗಿ ಗುಂಡಗಾಗುತ್ತದೆ, ಅದರ ತೋಳುಗಳನ್ನು (ಸೆಂಟ್ರೋಮಿಯರ್ ಎಂಬ ಗಂಟಿನ ಆಚೀಚಿನ ಭಾಗ) ಅಳೆಯುವುದಕ್ಕೇ ಬರುವುದಿಲ್ಲ. ಆಮೇಲೆ ಮೊದಲ ಫಿಕ್ಸೆಟಿವ್: ಅಸಿಟಿಕ್ ಆಮ್ಲ, ಎಥನಾಲ್, ನೀರು 3:3:4. ಅದರಲ್ಲೇ ಸೂಜಿಯಿಂದ ಕೆದರಬೇಕು. ಎರಡನೆಯದು 1:1 ಆಮ್ಲ-ಎಥನಾಲ್, ಕೊನೆಗೆ ಶುದ್ಧ ಗ್ಲೇಶಿಯಲ್ ಅಸಿಟಿಕ್ ಆಮ್ಲ. ಒಂದು ದಿನ ಒಣಗಿಸಿ, ಪಿಎಚ್ 6.8 ಬಫರಿನಲ್ಲಿ 4% ಗೀಮ್ಸಾ ಬಣ್ಣ.

ಮತ್ತೆ 8.

ಉತ್ತರ ಫೋಟೋದಲ್ಲೇ ಇತ್ತು. ಆ ಎಂಟರಲ್ಲಿ ಒಂದಕ್ಕೂ ಜೋಡಿ ಇರಲಿಲ್ಲ. ಕತ್ತರಿಸಿ ಜೋಡಿ ಹೊಂದಿಸಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಎಣಿಸಿ ಬಿಟ್ಟದ್ದೇ ಎಡವಟ್ಟು. ಇರುವೆಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ, ಹಾಗಾಗಿ ಅದು ಹ್ಯಾಪ್ಲಾಯ್ಡ್: ಪ್ರತಿ ಕ್ರೋಮೋಸೋಮೂ ಒಂದೊಂದೇ. ಚಗಳಿಯ ಒಂದು ಕಾಲೊನಿಗೆ ಮರದ ತುಂಬ ಹತ್ತಾರು ಎಲೆಗೂಡು, ರಾಣಿ ಇರುವುದು ಒಂದರಲ್ಲಿ. ನಾವು ಕೊಯ್ದು ತಂದದ್ದು ರಾಣಿಯಿಲ್ಲದ ಗೂಡು. ಟಬ್ಬಿನಲ್ಲಿಟ್ಟು ಮೂರು ತಿಂಗಳು ಸಕ್ಕರೆ ನೀರು ಕುಡಿಸಿದ್ದೂ ಆಯಿತು. ರಾಣಿ ಇಲ್ಲದಾಗ ಕೆಲಸಗಾರ್ತಿಯರೇ ಮೊಟ್ಟೆ ಇಡುತ್ತಾರೆ, ಅವೆಲ್ಲ ಗಂಡೇ.

ಈಗ ಲಾರ್ವಾ ತೆಗೆಯುವುದು ಗೂಡು ತಂದ ಮೊದಲ ವಾರದಲ್ಲೇ. ಪ್ರತಿ ಗೂಡಿನಿಂದ ಕನಿಷ್ಠ ಐದು. 8 ಬಂದರೆ ಅದನ್ನು ಗಂಡಿನ ಸಾಲಿಗೆ ಬರೆದುಕೊಂಡು ಮುಂದೆ ಹೋಗುವುದು. ಅದೂ ದಂಡವಲ್ಲ: ಜೋಡಿಯ ಗೊಂದಲವಿಲ್ಲದೆ ತೋಳು ಅಳೆಯಲು ಹ್ಯಾಪ್ಲಾಯ್ಡ್ ಪ್ಲೇಟಿನಷ್ಟು ಸಲೀಸು ಬೇರೊಂದಿಲ್ಲ. ಸ್ಯಾಂಪಲ್ ಡೇಟಾಬೇಸಿಗೆ ‘ರಾಣಿ ಇದೆ/ಇಲ್ಲ’ ಎಂಬ ಕಾಲಂ ಸೇರಿಸಿ ಎಂದು ಎರಡು ಸಲ ಕೇಳಿದ್ದಾಯಿತು. ಸದ್ಯಕ್ಕೆ ಸ್ಲೈಡಿನ ಫ್ರಾಸ್ಟೆಡ್ ತುದಿಯಲ್ಲೇ ಬರೆಯುತ್ತೇವೆ, ಪೆನ್ಸಿಲಿನಲ್ಲಿ. ಮಾರ್ಕರ್ ಎಥನಾಲಿಗೆ ಅಳಿಸಿಹೋಗುತ್ತದೆ.