ಚೆಸ್ಟ್‌ನಟ್ ಬೀದಿಯ ಸಮಾಧಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್‌ಗೆ ಪ್ರವಾಸಿಗರು ಬರುವುದು ಆಮಿಶ್ ಎಂಬ ಹಳೆಯ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರ ಕುದುರೆಗಾಡಿ ನೋಡಲು. ಫಿಲಡೆಲ್ಫಿಯಾದಲ್ಲಿ ಬೆಳಗಿನ ರೈಲು ಹತ್ತಿದ ನಾನು ಹೊರಟಿದ್ದು ಗುಲಾಮಗಿರಿಯ ವಿರುದ್ಧ ಹೋರಾಡಿದ ರಾಜಕಾರಣಿ ಥಡಿಯಸ್ ಸ್ಟೀವನ್ಸ್‌ನ ಗೋರಿ ನೋಡಲು. ರಜೆ ಹಾಕಿ ಸ್ಮಶಾನಕ್ಕೆ ಹೋಗುವವರುಂಟೇ ಎಂದು ಮನೆಯವರು ಗೊಣಗಿದ್ದರು.

ಥಡಿಯಸ್ ಸ್ಟೀವನ್ಸ್ ಹುಟ್ಟಿದ್ದು 1792ರಲ್ಲಿ, ವರ್ಮಾಂಟ್‌ನ ಬಡ ಕುಟುಂಬದಲ್ಲಿ, ಸೊಟ್ಟ ಪಾದದೊಂದಿಗೆ. ಗೆಟಿಸ್‌ಬರ್ಗ್‌ನಲ್ಲಿ ವಕೀಲಿಕೆ ಮಾಡಿ 1842ರಲ್ಲಿ ಈ ಊರಿಗೆ ಬಂದ. ಸೌತ್ ಕ್ವೀನ್ ಬೀದಿಯ ಅವನ ಇಟ್ಟಿಗೆ ಮನೆ ಈಗ ದೊಡ್ಡ ಸಭಾಭವನವೊಂದರ ಮಗ್ಗುಲಿಗೆ ಅಂಟಿಕೊಂಡಿದೆ. ಅಲ್ಲಿ ಅಗೆದಾಗ ಹಳೆಯ ನೀರಿನ ತೊಟ್ಟಿ ಸಿಕ್ಕಿತು. ತಪ್ಪಿಸಿಕೊಂಡು ಬಂದ ಗುಲಾಮರು ಅದರಲ್ಲಿ ಅಡಗುತ್ತಿದ್ದಿರಬಹುದೆಂದು ತಜ್ಞರ ಊಹೆ.

ಚೆಸ್ಟ್‌ನಟ್ ಮತ್ತು ಮಲ್ಬೆರಿ ಬೀದಿಗಳು ಕೂಡುವಲ್ಲಿ, ಮನೆಗಳ ನಡುವೆಯೇ ಆ ಪುಟ್ಟ ಸ್ಮಶಾನ. ಕಲ್ಲಿನ ಅಕ್ಷರಗಳನ್ನು ಬೆರಳಾಡಿಸುತ್ತ ಓದಿದೆ. ಏಕಾಂತ ಪ್ರಿಯವೆಂದು ಇಲ್ಲಿ ಮಲಗಿಲ್ಲ. ಬೇರೆ ಸ್ಮಶಾನಗಳು ತಮ್ಮ ಸನ್ನದಿನ ನಿಯಮದಂತೆ ಜನಾಂಗ ನೋಡಿ ಜಾಗ ಕೊಡುತ್ತವೆ, ಅದಕ್ಕೇ ಈ ಜಾಗ ಆರಿಸಿಕೊಂಡೆ ಎನ್ನುತ್ತದೆ ಬರಹ. ಕೊನೆಯಲ್ಲಿ: ಸೃಷ್ಟಿಕರ್ತನ ಮುಂದೆ ಮನುಷ್ಯರ ಸಮಾನತೆ. ಗೋರಿಯ ಮೇಲೂ ನಿಯಮಾವಳಿ ಉಲ್ಲೇಖಿಸಿದ ಆಸಾಮಿ! ನನಗೆ ನಗು ಬಂತು.

ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಚಾರಿಟಿ ಬಟ್ಲರ್ ಎಂಬ ಗುಲಾಮ ಹೆಂಗಸಿನ ಬಿಡುಗಡೆಯ ಮೊಕದ್ದಮೆಯಲ್ಲಿ ಮಾಲೀಕನ ಪರ ವಾದಿಸಿ 1821ರಲ್ಲಿ ಗೆದ್ದವನೂ ಇವನೇ. ಹೊರ ರಾಜ್ಯದಿಂದ ಕರೆತಂದ ಗುಲಾಮರು ಪೆನ್ಸಿಲ್ವೇನಿಯಾದಲ್ಲಿ ಸತತ ಆರು ತಿಂಗಳು ಇದ್ದರೆ ಬಿಡುಗಡೆ. ಆಗಾಗ ಬಂದುಹೋದ ದಿನಗಳನ್ನು ಕೂಡಿಸುವಂತಿಲ್ಲ ಎಂಬುದು ವಾದ. ಇಲ್ಲೂ ನಿಯಮವೇ. ಆಕೆಯ ಹೆಸರು ಈ ಕಲ್ಲಿನ ಮೇಲಿಲ್ಲ.

ಮುಂದೆ ಬದಲಾದ, ಬಲವಾಗಿಯೇ ಬದಲಾದ. 1835ರಲ್ಲಿ ರಾಜ್ಯದ ಉಚಿತ ಶಾಲೆಗಳ ಕಾನೂನನ್ನು ಒಂದು ಭಾಷಣದಿಂದ ಉಳಿಸಿಕೊಂಡ. ಅಂತರ್ಯುದ್ಧದ ಕಾಲದಲ್ಲಿ ಅಮೆರಿಕದ ಸಂಸತ್ತಿನಲ್ಲಿ ಹಣಕಾಸು ಸಮಿತಿಯ ಅಧ್ಯಕ್ಷ. 1863ರಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಕಾದಾಡುತ್ತಿದ್ದ ದಕ್ಷಿಣ ರಾಜ್ಯಗಳ ಸೈನ್ಯ ಅವನ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿತು. ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಟ್ಟ, ಅಮೆರಿಕದ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಗೆ ಹೋರಾಡಿದ. ಕೊನೆಕೊನೆಗೆ ಅವನನ್ನು ಕುರ್ಚಿಯಲ್ಲಿ ಕೂರಿಸಿ ಸದನಕ್ಕೆ ಹೊತ್ತು ತರುತ್ತಿದ್ದರು. ಹೊರುವ ಯುವಕರಿಗೆ, ನೀವು ಸತ್ತುಹೋದರೆ ನನ್ನ ಗತಿಯೇನಪ್ಪಾ ಎನ್ನುತ್ತಿದ್ದನಂತೆ. 1868ರ ಆಗಸ್ಟ್‌ನಲ್ಲಿ ತಾನೇ ಹೋದ.

ಎರಡು ದಶಕ ಮನೆ ನೋಡಿಕೊಂಡ ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಇಲ್ಲಿಲ್ಲ. ಮಿಶ್ರ ಜನಾಂಗದ ಆ ವಿಧವೆಯ ಬಗ್ಗೆ ಊರು ಬೇಕಾದಷ್ಟು ಆಡಿಕೊಂಡಿತ್ತು. ಆಕೆ ಮಲಗಿರುವುದು ಕ್ಯಾಥೊಲಿಕ್ ಸ್ಮಶಾನದಲ್ಲಿ. ಹೋಗುವಾಗ ಇವನ ಗೋರಿಯ ಆರೈಕೆಗೆಂದು ಹಣ ಬಿಟ್ಟುಹೋದಳು. ಕಲ್ಲಿನ ಸುತ್ತ ಆಗತಾನೇ ಹುಲ್ಲು ಕತ್ತರಿಸಿದ ಹಸಿ ವಾಸನೆಯಿತ್ತು.