ಬೆನ್ನು ತಿರುಗಿಸಿ ಮಾರ್ಕ್ಸ್ ಹಾಕುತ್ತಿದ್ದ ಸರ್

ಡೆಂಟಲ್ ಕಾಲೇಜಿನಲ್ಲಿ ಹಲ್ಲಿನ ಸೆಟ್ಟು (ಡೆಂಚರ್) ಮಾಡುವುದನ್ನು ಕಲಿಸುವ ಪ್ರಾಸ್ತೊ ವಿಭಾಗ ಅಂದರೆ ನನಗೆ ಈಗಲೂ ಮೊದಲು ಬರುವುದು ಲವಂಗದ ಎಣ್ಣೆಯ ವಾಸನೆ. ಬಾಯಿಯ ಅಚ್ಚು ತೆಗೆಯುವ ಜಿಂಕ್ ಆಕ್ಸೈಡ್ ಪೇಸ್ಟ್ ಕಲಸಿ ಕಲಸಿ ಏಪ್ರನ್, ಕೈ, ಹಾಸ್ಟೆಲಿನ ಟವೆಲ್ಲು ಎಲ್ಲದಕ್ಕೂ ಅದೇ ವಾಸನೆ. ಇನ್ನು ಬಿಸಿ ಮಾಡಿ ಮೆತ್ತಗಾಗಿಸಿ ಅಚ್ಚಿಗೆ ಬಳಸುವ ಗ್ರೀನ್ ಸ್ಟಿಕ್‌ನಲ್ಲಿ ಬೆರಳು ಸುಟ್ಟುಕೊಳ್ಳದವರು ನಮ್ಮ ಬ್ಯಾಚಿನಲ್ಲಿ ಯಾರೂ ಇರಲಿಲ್ಲ.

ಫೈನಲ್ ಇಯರ್‌ನಲ್ಲಿ ನನ್ನ ಪಾಲಿಗೆ ಬಂದವರು ರಾಣೆಬೆನ್ನೂರು ಕಡೆಯ ಒಬ್ಬ ಅಜ್ಜ. ಮೇಲೂ ಇಲ್ಲ, ಕೆಳಗೂ ಇಲ್ಲ, ಒಂದೇ ಒಂದು ಹಲ್ಲಿಲ್ಲ. ನನಗೆ ಕೋಟಾ (ಮಾಡಲೇಬೇಕಾದಷ್ಟು ಕೇಸ್) ಮುಗಿಸುವ ಅವಸರ, ಅವರಿಗೆ ಮೊಮ್ಮಗಳ ಮದುವೆಯ ಅವಸರ.

ಇಂಪ್ರೆಶನ್ (ಅಚ್ಚು) ತೆಗೆಯುವುದರಿಂದ ಹಿಡಿದು ಪಾಲಿಶ್‌ವರೆಗೆ ಒಂದೊಂದು ಹಂತಕ್ಕೂ ರೆಕಾರ್ಡ್ ಬುಕ್ಕಿನಲ್ಲಿ ಸ್ಟಾಫ್ ಸಹಿ ಬೇಕು, ಮಾರ್ಕ್ಸ್ ಬೇಕು. ಸಹಿಗೂ ನಮ್ಮದೊಂದು ಲೆಕ್ಕಾಚಾರ ಇರುತ್ತಿತ್ತು. ಯಾರ ಡ್ಯೂಟಿ ಯಾವ ದಿನ, ಯಾರು ಟೀತ್ ಸೆಟ್ಟಿಂಗ್ (ಹಲ್ಲಿನ ಜೋಡಣೆ) ಮಾತ್ರ ನೋಡುತ್ತಾರೆ, ಯಾರು ಹಲ್ಲು ಕೂರಿಸಿದ ವ್ಯಾಕ್ಸ್ ನುಣ್ಣಗಿದ್ದರೆ ಸಾಕು ಅನ್ನುತ್ತಾರೆ, ಎಲ್ಲ ಬಾಯಿಪಾಠ. ಮಾರ್ಕ್ಸ್ ಬೀಳುತ್ತಿದ್ದದ್ದು ಅರ್ಧ ನಮ್ಮ ಕೆಲಸಕ್ಕೆ, ಅರ್ಧ ಆ ದಿನದ ಡ್ಯೂಟಿಗೆ.

ಜಾ ರಿಲೇಶನ್, ಅಂದರೆ ಮೇಲಿನ-ಕೆಳಗಿನ ದವಡೆಗಳ ನಡುವಿನ ಅಂತರ ಗೊತ್ತುಮಾಡುವ ದಿನ, ಅಜ್ಜನ ಮೂಗಿನ ತುದಿಗೊಂದು, ಗದ್ದಕ್ಕೊಂದು ಚುಕ್ಕೆ ಇಟ್ಟೆ. ಗದ್ದದ ತುಂಬ ಎರಡು ದಿನದ ಬಿಳಿ ಗಡ್ಡ, ಚುಕ್ಕೆ ಎಲ್ಲಿದೆ ಅಂತಲೇ ಸರಿಯಾಗಿ ಕಾಣದು. ಬಾಯಿ ಆರಾಮಾಗಿದ್ದಾಗಿನ ಅಳತೆಗಿಂತ ಕಚ್ಚಿದಾಗಿನ ಅಳತೆ 2ರಿಂದ 4 ಮಿಲಿಮೀಟರ್ ಕಡಿಮೆ ಇರಬೇಕು, ಅಲ್ವಾ. ಅಜ್ಜ ಆರಾಮಾಗಿ ಎಲ್ಲಿ ಕೂರುತ್ತಾರೆ? ಹೆದರಿ ಬಾಯಿ ಅರ್ಧ ತೆರೆದೇ ಕೂತಿದ್ದರು. ನಾನು ಅದನ್ನೇ ಆರಾಮದ ಅಳತೆ ಅಂತ ಬರೆದುಕೊಂಡೆ. ಕಳೆದಾಗ ಸರಿಯಾಗಿ 3 ಬಂತು. ಆ ದಿನ ಡ್ಯೂಟಿಯಲ್ಲಿದ್ದವರಿಗೆ ನೋಡಬೇಕಾದ ಚೇರ್‌ಗಳು ಹತ್ತಾರು, ಪುಸ್ತಕದಲ್ಲಿದ್ದ ಆ 3 ನೋಡಿ ಹತ್ತಕ್ಕೆ 8 ಹಾಕಿ ಮುಂದೆ ಹೋದರು.

ಟ್ರೈ-ಇನ್, ಅಂದರೆ ವ್ಯಾಕ್ಸ್‌ನಲ್ಲಿ ಕೂರಿಸಿದ ಹಲ್ಲನ್ನು ಬಾಯಲ್ಲಿಟ್ಟು ನೋಡುವ ದಿನ, ಇನ್ನೂ ತಮಾಷೆ. ಪುಸ್ತಕದಲ್ಲಿ ಇದ್ದ ಹಾಗೆ ‘ಸಿಕ್ಸ್ಟಿ ಸಿಕ್ಸ್ ಅನ್ನಿ, ಮಿಸಿಸಿಪ್ಪಿ ಅನ್ನಿ’ ಅಂತ ಅಜ್ಜನಿಗೆ ಹೇಳಿದೆ. ಪಾಪ, ಅವರು ಮಗ್ಗಿ ಒಪ್ಪಿಸುವ ಹುಡುಗನ ಥರ ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಅಂದರು. ಹಲ್ಲು ಎತ್ತರವಾಗಿದ್ದರೆ ಸರಸರ ಮಾತಾಡುವಾಗ ಒಂದಕ್ಕೊಂದು ತಾಗಿ ಸದ್ದಾಗಬೇಕು; ಹಾಗೆ ಬಿಡಿಸಿ ಅಂದರೆ ಯಾವ ತಪ್ಪು ಕೇಳಿಸುತ್ತದೆ?

ಕೊನೆಗೆ ಪ್ಯೂಮಿಸ್ ಹಾಕಿ ಲೇತ್‌ನಲ್ಲಿ ಉಜ್ಜಿ ಉಜ್ಜಿ ಡೆಂಚರನ್ನು ಕನ್ನಡಿ ಮಾಡಿದ್ದೆ. ನಮ್ಮ ವಿಭಾಗದ ಹಿರಿಯ ಸರ್‌ದು ಒಂದು ಪದ್ಧತಿ: ಅವರು ನೋಡುವ ಮೊದಲು ನಾವೇ ನಮಗೆ ಮಾರ್ಕ್ಸ್ ಹಾಕಿಕೊಳ್ಳಬೇಕು. ನಾನು 9 ಹಾಕಿಕೊಂಡೆ. (ಚೆನ್ನಾಗಿ ಕೆಲಸ ಮಾಡುವ ನನ್ನ ರೂಮ್‌ಮೇಟ್ ಯಾವಾಗಲೂ 6 ಹಾಕಿಕೊಳ್ಳುತ್ತಿದ್ದಳು. ಸುಮ್ನೆ ಹೇಳಿದೆ.)

ಸರ್ ಡೆಂಚರ್ ಕೈಗೂ ತಗೊಳ್ಳಲಿಲ್ಲ. ಅಜ್ಜನಿಗೆ ಹಾಕಿಕೊಳ್ಳಲು ಹೇಳಿ, ಸ್ಟೂಲ್ ಎಳೆದು, ಅವರಿಗೆ ಬೆನ್ನು ಮಾಡಿ ಕೂತರು. "ಈ ಸಲ ಗೋವಿನಜೋಳ ಏನು ರೇಟಿಗೆ ಹೋಯ್ತು ಯಜಮಾನ್ರೇ?"

"ಏನ್ ರೇಟ ಬಿಡ್ರೀ ಸಾಹೇಬ್ರ, ಗೊಬ್ಬರದ ರೊಕ್ಕಾನೂ ಹುಟ್ಟಂಗಿಲ್ಲ..."

ಅಜ್ಜ ಬೆಳೆ, ಮಳೆ, ಮಗ, ಸೊಸೆ ಅಂತ ಒಂದೇ ಸಮ ಶುರು ಮಾಡಿದರು. ಮಾತಿನ ನಡುವೆ ಟಕ್, ಟಕ್ ಅಂತ ಹಲ್ಲಿಗೆ ಹಲ್ಲು ತಾಗುವ ಸದ್ದು. ಸರ್ ಬೆನ್ನು ತಿರುಗಿಸಿಕೊಂಡೇ ಒಂದೊಂದು ಟಕ್‌ಗೂ ಒಂದೊಂದು ಬೆರಳು ಮಡಚುತ್ತಾ ಹೋದರು. ಒಂದು ಕೈ ಮುಗಿದು ಎರಡನೇ ಕೈಗೆ ಬಂದಾಗ ನನಗೆ ಅಳುವೇ ಬಂತು.

ಆಮೇಲೆ ಅಲ್ಲಿದ್ದ ಇನ್ನಿಬ್ಬರು ಸ್ಟಾಫ್‌ನ ಕರೆದು, ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಮಾರ್ಕ್ಸ್ ಬರೆಯಿರಿ ಅಂದರು, ತಾವೂ ಬರೆದರು. 8, 6, 3. ಒಂದೇ ಡೆಂಚರ್, ಒಂದೇ ಬಾಯಿ! ಎಂಟು ಕೊಟ್ಟವರು ಪಾಲಿಶ್ ನೋಡಿದ್ದರು, ಆರು ಕೊಟ್ಟವರು ಹಲ್ಲಿನ ಸಾಲು ನೋಡಿದ್ದರು. ಸರ್ ಏನೂ ಅನ್ನಲಿಲ್ಲ. ನನ್ನ ರೆಕಾರ್ಡ್‌ನಲ್ಲಿ ಎರಡು ಗೆರೆ ಎಳೆದು, ಒಂದರ ಕೆಳಗೆ ‘ತಪ್ಪು ಹುಟ್ಟಿದ್ದು ಎಲ್ಲಿ’, ಇನ್ನೊಂದರ ಕೆಳಗೆ ‘ಸಿಗಬೇಕಾಗಿದ್ದು ಎಲ್ಲಿ’ ಅಂತ ಬರೆದು, "ನೀನೇ ತುಂಬಮ್ಮ" ಅಂದರು. ಮೊದಲನೆಯದಕ್ಕೆ ಜಾ ರಿಲೇಶನ್ ಅಂತ ಬರೆದೆ. ಎರಡನೆಯದಕ್ಕೆ ಮಿಸಿಸಿಪ್ಪಿ ಅಂತ ಬರೆಯಲು ನಾಚಿಕೆಯಾಗಿ ಟ್ರೈ-ಇನ್ ಅಂತ ಬರೆದೆ.

ಕೆಳಗಿನ ಡೆಂಚರನ್ನು ಪೂರ್ತಿ ಹೊಸದಾಗಿ ಮಾಡಿದೆ. ಈ ಸಲ ಅಳತೆಗೆ ಮೊದಲು ಅಜ್ಜನಿಗೆ ಗಡ್ಡ ತೆಗೆಸಿಕೊಂಡು ಬರಲು ಹೇಳಿದೆ, ಕಾಫಿ ಕುಡಿಸಿದೆ, ಅರ್ಧ ಗಂಟೆ ಊರಿನ ಸುದ್ದಿ ಕೇಳಿದೆ, ಆಮೇಲೆ ಡಿವೈಡರ್ ಹಿಡಿದೆ. ಸರ್ ಮತ್ತೆ ಬೆನ್ನು ತಿರುಗಿಸಿ ಕೂತರು. ಟಕ್ ಇಲ್ಲ. ಆದರೂ 7 ಅಷ್ಟೇ, ಕೆನ್ನೆ ಕಡೆ ದಪ್ಪ ಜಾಸ್ತಿ ಆಗಿದೆಯಂತೆ. ಅಜ್ಜನಿಗೆ ಸಿಟ್ಟು ಬಂತು. "ಏಳು ಯಾಕ್ರೀ, ಹತ್ತು ಕೊಡ್ರೀ ನಮ್ಮ ಹುಡುಗಿಗೆ!" ಸರ್ ನಗುತ್ತಾ ತಮ್ಮ 7ರ ಪಕ್ಕ ‘ಪೇಷಂಟ್: 10’ ಅಂತಲೂ ಬರೆದು ಸಹಿ ಹಾಕಿದರು. ಆ ಪುಟ ಈಗಲೂ ನನ್ನ ಹತ್ತಿರ ಇದೆ.

ಆ ಸಂಜೆ ಬಸ್ ಸ್ಟಾಪಿನಲ್ಲಿ ಅಜ್ಜನನ್ನು ದೂರದಿಂದ ನೋಡಿದೆ. ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಡೆಂಚರ್ ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಒಸಡಿನಲ್ಲೇ ಆರಾಮಾಗಿ ಮೆಲ್ಲುತ್ತಿದ್ದರು. ಇದನ್ನು ಸರ್‌ಗೆ ಇಲ್ಲಿಯವರೆಗೆ ಹೇಳಿಲ್ಲ. ಈ ಸಂಚಿಕೆ ಅವರ ಕೈಗೂ ಹೋಗುತ್ತದಂತೆ, ಓದಿದರೆ ಓದಲಿ.