ಸಾಯಂಕಾಲಕ್ಕೆ ಮರೆತೇ ಹೋಗುತ್ತೆ, ಮತ್ತೆ ಯಾಕೆ ಈ ರಂಗೋಲಿ?

ವೃದ್ಧಾಶ್ರಮದಲ್ಲಿ ಮರೆವು ಹಿಡಿದ ಅಜ್ಜಿ-ತಾತಂದಿರ ಜೊತೆ ರಂಗೋಲಿ, ಹಳೇ ಹಾಡು, ಹಳೇ ಕಥೆ ಅಂತ ಕೂತುಕೊಳ್ಳುತ್ತೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ. "ಸಾಯಂಕಾಲದ ಹೊತ್ತಿಗೆ ನೀವು ಬಂದಿದ್ದೇ ಅವರಿಗೆ ನೆನಪಿರಲ್ಲ. ಏನು ಪ್ರಯೋಜನ?"

ನೆನಪಿರಲ್ಲ, ನಿಜ. ಕೆಲವರಿಗೆ ನಾನು ಗೇಟು ದಾಟುವ ಮೊದಲೇ ಮರೆತಿರುತ್ತದೆ. ಹೋದ ವರ್ಷ ಯಾರ ಮನೆಯಲ್ಲಿ ಹೋಳಿಗೆ ಊಟ ಮಾಡಿದೆ ಅಂತ ನನಗೂ ನೆನಪಿಲ್ಲ. ಹಾಗಂತ ಉಂಡಿದ್ದು ದಂಡ ಆಗಲಿಲ್ಲವಲ್ಲ.

ಇನ್ನೊಂದು ವಿಷಯ, ಎಲ್ಲ ನೆನಪೂ ಒಂದೇ ಸಲ ಹೋಗುವುದಿಲ್ಲ. ಬೆಳಗ್ಗೆ ತಿಂದ ತಿಂಡಿ ಮೊದಲು ಮರೆಯುತ್ತದೆ. ಕೈ ಕಲಿತ ಕೆಲಸ ತುಂಬಾ ದಿನ ಉಳಿಯುತ್ತದೆ, ಅದನ್ನು ಕಾಯುವ ಮೆದುಳಿನ ಭಾಗವೇ ಬೇರೆ. ಒಬ್ಬ ಅಜ್ಜಿಗೆ ಮಗಳ ಹೆಸರು ಬಾಯಿಗೆ ಬರುವುದಿಲ್ಲ. ನೆಲದ ಮೇಲೆ ಕೂರಲು ಮಂಡಿ ಬಿಡಲ್ಲ, ಅದಕ್ಕೇ ಕಪ್ಪು ಬಣ್ಣ ಬಳಿದ ಹಲಗೆಯನ್ನು ಟೇಬಲ್ ಮೇಲೆ ಇಟ್ಟೆವು. ಆಶ್ರಮದ ಆಯಾ ಚುಕ್ಕಿ ಇಡಲು ಶುರು ಮಾಡಿದಳು. ಎರಡನೇ ಸಾಲಿಗೇ ಅಜ್ಜಿ ಅವಳ ಕೈ ಹಿಡಿದುಕೊಂಡರು. "ಎದುರು ಚುಕ್ಕಿ ಇಡ್ತಿದ್ದೀಯಲ್ಲೇ! ಇದು ಏಳರಿಂದ ನಾಲ್ಕು, ಸಂದು ಚುಕ್ಕಿ, ಮೇಲಿನ ಎರಡು ಚುಕ್ಕಿ ನಡುವೆ ಬರಬೇಕು." ಪುಡಿ ತೆಗೆದುಕೊಂಡು ಹೆಬ್ಬೆರಳು, ತೋರುಬೆರಳ ನಡುವಿನಿಂದ ಬಿಟ್ಟರು. ಲೋಟ ಹಿಡಿದರೆ ನಡುಗುವ ಕೈ. ಗೆರೆ ಮಾತ್ರ ಎಲ್ಲೂ ಕಡಿಯಲಿಲ್ಲ. ಅವತ್ತಿನಿಂದ ಅಜ್ಜಿಯನ್ನು ಆಯಾ ಸ್ನಾನಕ್ಕೆ ಕರೆಯುವ ದನಿಯೇ ಬದಲಾಯಿತು. ಅಷ್ಟು ದಿನ ಅವರು ಅವಳಿಗೆ ಹಟಮಾರಿ ಪೇಷೆಂಟ್. ಈಗ ರಂಗೋಲಿ ಬಲ್ಲ ಅಜ್ಜಿ.

ನನ್ನ ಉತ್ತರದ ತಿರುಳೇ ಅದು. ಆಶ್ರಮಕ್ಕೆ ಬಂದ ಮೇಲೆ ಅವರು ಬರೀ ತೆಗೆದುಕೊಳ್ಳುವವರಾಗಿಬಿಡುತ್ತಾರೆ. ಊಟ, ಮಾತ್ರೆ, ಬಿಸಿನೀರು, ಎಲ್ಲವೂ ಬೇರೆಯವರ ಕೈಯಿಂದ. ಇನ್ನೊಬ್ಬರಿಗೆ ಏನಾದರೂ ಹೇಳಿಕೊಡುವ ಒಂದು ಗಂಟೆ ಅವರಿಗೆ ಬೇಕು.

ಮುದುಕರು ಹಳೆಯದನ್ನೇ ಮಾತಾಡಿದರೆ ಅರಳುಮರಳು ಅನ್ನುವುದು ನಮ್ಮಲ್ಲಿ ಮಾತ್ರವಲ್ಲ, ಒಂದು ಕಾಲಕ್ಕೆ ವೈದ್ಯರಲ್ಲೂ ಇದ್ದ ಅಭಿಪ್ರಾಯ. 1963ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅದಕ್ಕೆ ಅಡ್ಡ ಮಾತಾಡಿದರು. ಬಾಳಿನ ಕೊನೆಗೆ ಬಂದವರು ಹಿಂದಿನದನ್ನು ಮತ್ತೆ ಮತ್ತೆ ತಿರುವಿ ನೋಡುವುದು ಸಹಜ, ಅದಕ್ಕೊಂದು ಕೆಲಸವಿದೆ ಅಂದರು. ವಯಸ್ಸಾದವರಿಗೆ ಹೆಚ್ಚಾಗಿ ನೆನಪಾಗುವುದು ಹತ್ತರಿಂದ ಮೂವತ್ತರ ವಯಸ್ಸಿನ ಸಂಗತಿಗಳು ಅನ್ನುವುದೂ ಗೊತ್ತಿರುವ ವಿಚಾರವೇ.

ಆದರೆ ಕೇಳುವ ರೀತಿ ಮುಖ್ಯ. "ನಾನ್ಯಾರು ಹೇಳಿ ನೋಡೋಣ?" "ನೆನಪಿದ್ಯಾ ತಾತ?" ಅಂತ ಪರೀಕ್ಷೆ ಮಾಡುವ ನೆಂಟರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಉತ್ತರ ಬರದೆ ಅವರ ಮುಖ ಬಾಡುವುದನ್ನು ನೋಡಬೇಕು. ನಾನು ಪ್ರಶ್ನೆ ಕೇಳುವುದು ಕಡಿಮೆ. ಸುಮ್ನೆ ಒಂದು ವಸ್ತು ಕೈಗೆ ಕೊಡುತ್ತೇನೆ. 1940ರ ದಶಕದ ತೂತಿನ ಕಾಸು ಕೊಟ್ಟರೆ ಸಾಕು, ಮಾತು ತಾನಾಗಿ ಬರುತ್ತದೆ. ರೂಪಾಯಿಗೆ ಹದಿನಾರಾಣೆ, 1957ರಲ್ಲಿ ನಯಾಪೈಸೆ ಬಂದಾಗ ಅಂಗಡಿಯಲ್ಲಿ ಆದ ಗಲಾಟೆ. ಹೇಳಿದ್ದು ತಪ್ಪಿದ್ದರೂ ನಾನು ತಿದ್ದುವುದಿಲ್ಲ. ಅದೇನು ಕೋರ್ಟು ಸಾಕ್ಷಿಯೇ?

ಮಕ್ಕಳ ಬಣ್ಣದ ಪುಸ್ತಕ, ಕ್ರೇಯಾನ್ ಮಾತ್ರ ತರಬೇಡಿ. ಒಬ್ಬ ತಾತ "ನಾನೇನು ಎಲ್‌ಕೆಜಿ ಹುಡುಗನಾ?" ಅಂತ ಎದ್ದು ಹೋದರು. ಅವರು ಟೈಲರ್ ಆಗಿದ್ದವರು ಅಂತ ಆಮೇಲೆ ತಿಳಿಯಿತು. ಮುಂದಿನ ಸಲ ಬ್ರೌನ್ ಪೇಪರ್, ಟೇಪು, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸು ಇಟ್ಟೆ. ನನ್ನ ಭುಜ ಕಣ್ಣಲ್ಲೇ ಅಳೆದು ಜುಬ್ಬಾದ ಕತ್ತು, ತೋಳು ಎಳೆದುಬಿಟ್ಟರು. ಹೊಲಿಗೆಗೆ ಅಂತ ಅರ್ಧ ಇಂಚು ಜಾಸ್ತಿಯೂ ಬಿಟ್ಟಿದ್ದರು.

"ಹಳೆಯದನ್ನು ಕೆದಕಿದರೆ ಅಳಲ್ವಾ?" ಅಂತಲೂ ಕೇಳುತ್ತಾರೆ. ಅಳುತ್ತಾರೆ. ತೀರಿಹೋದ ಮಗ, ಮಾರಿದ ಜಮೀನು, ಎಲ್ಲ ಬರುತ್ತವೆ. ಪಕ್ಕದಲ್ಲಿ ಕೂತಿರುತ್ತೇನೆ, ಇನ್ನಷ್ಟು ಕೇಳಲು ಹೋಗುವುದಿಲ್ಲ. ಒಬ್ಬರು ಮದುವೆ ಆಲ್ಬಂ ನೋಡಲೇ ಒಪ್ಪುವುದಿಲ್ಲ. ಅದನ್ನು ಮತ್ತೆ ಅವರ ಮುಂದೆ ತೆರೆಯುವುದಿಲ್ಲ, ಅಷ್ಟೇ.

ಇದರಿಂದ ಕಾಯಿಲೆ ವಾಸಿಯಾಗುತ್ತದೆ ಅಂದರೆ ನಂಬಬೇಡಿ. 2018ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ, ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆ ಇರುವವರ ಜೊತೆ ಹಳೇ ನೆನಪು ಮಾತಾಡಿಸಿ ನೋಡಿದ 22 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಕಂಡ ಲಾಭ ಚಿಕ್ಕದು, ಎಲ್ಲ ಕಡೆ ಒಂದೇ ಥರವೂ ಇಲ್ಲ. ಆದರೆ ಆಶ್ರಮದಂಥ ಕಡೆ ಇರುವವರಿಗೆ ಮನೆಯಲ್ಲಿರುವವರಿಗಿಂತ ಹೆಚ್ಚು ಉಪಯೋಗ ಕಂಡಿದೆ. ಆಶ್ಚರ್ಯವೇನಿಲ್ಲ. ಮನೆಯಲ್ಲಾದರೆ ಗೋಡೆ ಮೇಲಿನ ಫೋಟೋನೇ ಮಾತಾಡಿಸುತ್ತದೆ.

ಹುಟ್ಟುಹಬ್ಬಕ್ಕೆ ಆಶ್ರಮದಲ್ಲಿ ಊಟ ಹಾಕಿಸುವವರು ಜಾಸ್ತಿ. ಹಾಕಿಸಿ, ಒಳ್ಳೆಯದೇ. ಬಡಿಸಿ ಫೋಟೋ ತೆಗೆದು ಹೊರಡುವ ಮೊದಲು, ಇಲ್ಲಿ ಯಾರ್ಯಾರು ಏನೇನು ಕೆಲಸ ಮಾಡುತ್ತಿದ್ದರು ಅಂತ ಮ್ಯಾನೇಜರ್ ಹತ್ತಿರ ಕೇಳಿ. ಮುಂದಿನ ಸಲ ಅದಕ್ಕೆ ತಕ್ಕ ಸಾಮಾನು ತನ್ನಿ.